ಬಳ್ಳಾರಿಯ ಟೇಲರ್, ಅಹಮದಾಬಾದಿನ ಫಾದರ್ ವಾಲೆಸ್: ಗುಜರಾತಿ ಕಲಿತ ಇಬ್ಬರು ಪಾದ್ರಿಗಳ ಕಥೆ

ಈ ಸಲದ ವಿಡಿಯೋದ ಬರಹ ರೂಪ ಇದು. ಮಾತಿನಲ್ಲಿ ಸಮಯ ಸಾಲದೆ ಬಿಟ್ಟುಹೋದ ಕೆಲವು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೇನೆ. ಆಫೀಸ್ ಬಸ್ಸಲ್ಲಿ ಓದೋರು ಆರಾಮಾಗಿ ಓದಿ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಬೆಂಗಳೂರಿಗೆ ಬಂದು ಹತ್ತು ವರ್ಷ ಆದ್ರೂ ‘ಕನ್ನಡ್ ಗೊತ್ತಿಲ್ಲ’ ಅನ್ನೋರ ಬಗ್ಗೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಎಷ್ಟು ಚರ್ಚೆ ಆಗುತ್ತೆ ಅಂತ ನಿಮಗೆ ಗೊತ್ತು. ನ್ಯಾಯವಾದ ಸಿಟ್ಟೇ ಅದು. ಆದರೆ ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ಕೆಲಸ ಮಾಡೋ ಕನ್ನಡಿಗರ ಇಡೀ ದಿನ ತೆಗೆದು ನೋಡಿ. ಆಫೀಸಲ್ಲಿ ಇಂಗ್ಲಿಷ್, ತರಕಾರಿ ಅಂಗಡಿಯಲ್ಲಿ ಹಿಂದಿ, ಮನೆಯಲ್ಲಿ ಕನ್ನಡ. ಗುಜರಾತಿಗೆ ಎಲ್ಲಿದೆ ಜಾಗ? ಊರು ಅವರದ್ದು, ಭಾಷೆ ಮಾತ್ರ ನಮ್ಮ ಕಿವಿ ಪಕ್ಕ ಹಾದುಹೋಗುತ್ತೆ. ಹಾಗಾದ್ರೆ ಬೇರೆ ಊರಲ್ಲಿ ಬದುಕೋದು ಅಂದ್ರೆ ಏನು? ಬಾಡಿಗೆ ಕಟ್ಟೋದಾ, ಅಥವಾ ಅದಕ್ಕಿಂತ ಹೆಚ್ಚಿನದ್ದೇನಾದ್ರೂ ಇದೆಯಾ?

ಈ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಗಂಭೀರ ಉತ್ತರ ಯಾವ ಭಾಷಾ ಹೋರಾಟಗಾರರದ್ದೂ ಅಲ್ಲ, ಪಾದ್ರಿಗಳದ್ದು. ನಾನು ಕ್ರೈಸ್ತನಲ್ಲ. ಆದರೂ ಇವರನ್ನು ಓದಿದ ಮೇಲೆ ನಂಬಿಕೆ, ಭರವಸೆ ಅನ್ನೋ ಪದಗಳಿಗೆ ನನ್ನ ತಲೆಯಲ್ಲಿದ್ದ ಅರ್ಥ ಬದಲಾಯಿತು. ಅದಕ್ಕೇ ಈ ಇತಿಹಾಸ.

ಸೂರತ್‌ನ ಅಚ್ಚಿನ ಮನೆ

1815ರಲ್ಲಿ ಜೇಮ್ಸ್ ಸ್ಕಿನ್ನರ್, ವಿಲಿಯಂ ಫೈವಿ ಅನ್ನೋ ಇಬ್ಬರು ಲಂಡನ್ ಮಿಷನರಿ ಸೊಸೈಟಿಯಿಂದ ಸೂರತ್‌ಗೆ ಬಂದರು. ಆಗ ಸೂರತ್‌ನ ವೈಭವ ಇಳಿದಿತ್ತು. ಮೊಗಲರ ಕಾಲದ ದೊಡ್ಡ ಬಂದರಿನ ವ್ಯಾಪಾರವೆಲ್ಲ ಮುಂಬಯಿ ಕಡೆ ಜಾರಿತ್ತು. ಈ ಇಬ್ಬರಿಗೆ ಇದ್ದ ಉದ್ದೇಶ ಬೈಬಲ್ಲನ್ನು ಗುಜರಾತಿಗೆ ತರೋದು. ತರಬೇಕು ಅಂದ್ರೆ ಮೊದಲು ಭಾಷೆ ಬರಬೇಕು, ಆಮೇಲೆ ಅಚ್ಚಿನ ಮೊಳೆ ಬೇಕು, ಆಮೇಲೆ ಓದೋ ಜನ ಬೇಕು. ಮೂರನ್ನೂ ಅವರೇ ಮಾಡಿಕೊಳ್ಳಬೇಕಾಯಿತು. 1820ರ ದಶಕದ ಆರಂಭದಲ್ಲಿ ಸೂರತ್ ಮಿಷನ್ ಪ್ರೆಸ್ಸಿನಿಂದ ಬೈಬಲ್ಲಿನ ಭಾಗಗಳು ಹೊರಬಂದವು. ಸ್ಕಿನ್ನರ್ 1821ರಲ್ಲೇ ತೀರಿಹೋದ. ಫೈವಿ ಮುಂದುವರಿಸಿದ.

ಇದೇ ಹೊತ್ತಿಗೆ ನಮ್ಮ ಕಡೆ ಏನಾಗ್ತಿತ್ತು? ಅದೇ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಿಂದ ಬಳ್ಳಾರಿಯಲ್ಲಿ ಕೂತು ಬೈಬಲ್ಲನ್ನು ಕನ್ನಡಕ್ಕೆ ತರ್ತಾ ಇದ್ದ. ಅಲ್ಲೇ ಇದ್ದ ವಿಲಿಯಂ ರೀವ್ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದ. ಕಿಟೆಲ್ ನಿಘಂಟು ಬಂದಿದ್ದು 1894ರಲ್ಲಿ. ಅದಕ್ಕೂ ಅರವತ್ತು ವರ್ಷ ಹಿಂದಿನ ಮಾತು ಇದು. ಅಂದ್ರೆ ಬಳ್ಳಾರಿ ಮತ್ತು ಸೂರತ್ ಒಂದೇ ಕಂಪನಿಯ ಎರಡು ಬ್ರಾಂಚ್ ಇದ್ದ ಹಾಗೆ. ಪ್ರಾಜೆಕ್ಟ್ ಒಂದೇ, ಭಾಷೆ ಬೇರೆ.

ಈ ಎರಡು ಬ್ರಾಂಚುಗಳ ನಡುವೆ ಒಂದು ಜೀವಂತ ಕೊಂಡಿ ಇದೆ.

ಬಳ್ಳಾರಿಯಲ್ಲಿ ಹುಟ್ಟಿದ ಗುಜರಾತಿ ವೈಯಾಕರಣಿ

ಜೋಸೆಫ್ ವಾನ್ ಸೋಮರನ್ ಟೇಲರ್ ಹುಟ್ಟಿದ್ದು 1820ರ ಜುಲೈ 3ರಂದು, ಬಳ್ಳಾರಿಯಲ್ಲಿ. ತಂದೆ ಜೋಸೆಫ್ ಟೇಲರ್ ಕೂಡ ಮಿಷನರಿ. ಅದೇ 1820ರಲ್ಲಿ ಹ್ಯಾಂಡ್ಸ್ ಜೊತೆ ಬೆಳಗಾವಿಗೆ ಹೋಗಿ ಅಲ್ಲಿ ಮಿಷನ್ ಶುರು ಮಾಡಿದವರು. ಮಗ ಮುಂದೆ 1840ರ ದಶಕದಲ್ಲಿ ವಡೋದರಾಕ್ಕೆ ಬಂದ. ಆಗ ಅದು ಗಾಯಕವಾಡರ ರಾಜಧಾನಿ. ಆಮೇಲೆ ಮಹೀ ನದಿ ಸೀಮೆಯ ಬೋರ್ಸದ್ ಕಡೆಗೆ ಕೆಲಸ ವಿಸ್ತರಿಸಿತು. ಸುಮಾರು 1860ರ ಹೊತ್ತಿಗೆ ಲಂಡನ್ ಸೊಸೈಟಿ ಗುಜರಾತಿನ ಕೆಲಸವನ್ನೆಲ್ಲ ಐರಿಷ್ ಪ್ರೆಸ್ಬಿಟೇರಿಯನ್ ಮಿಷನ್‌ಗೆ ವಹಿಸಿಕೊಟ್ಟಿತು. ಟೇಲರ್ ಮಾತ್ರ ಊರು ಬಿಡಲಿಲ್ಲ. ಮಿಷನ್ ಬದಲಾಯಿಸಿ ಗುಜರಾತಿನಲ್ಲೇ ಉಳಿದ.

ಅವನು ಪರಿಷ್ಕರಿಸಿದ ಗುಜರಾತಿ ಬೈಬಲ್ 1861ರದ್ದು. ಆದರೆ ಗುಜರಾತಿನ ಸಾಹಿತ್ಯ ಚರಿತ್ರೆ ಅವನನ್ನು ನೆನಪಿಟ್ಟುಕೊಂಡಿರೋದು ಬೇರೆ ಕಾರಣಕ್ಕೆ. 1867ರಲ್ಲಿ ಅವನು ಗುಜರಾತಿ ಭಾಷೆಯ ವ್ಯಾಕರಣ ಬರೆದ. 1870ರಲ್ಲಿ ವ್ರಜಲಾಲ್ ಶಾಸ್ತ್ರಿಯವರ ಜೊತೆ ಸೇರಿ ‘ಧಾತುಸಂಗ್ರಹ’ ತಂದ. ಗುಜರಾತಿ ವ್ಯಾಕರಣದ ಪಿತಾಮಹ ಅಂತ ಅವನನ್ನು ಇಲ್ಲಿ ಕರೀತಾರೆ. ಗುಜರಾತಿ ಅಂದ್ರೆ ಬಡ ಭಾಷೆ, ವ್ಯಾಪಾರಿಗಳ ಭಾಷೆ, ಇದರಲ್ಲಿ ದೊಡ್ಡ ವಿಚಾರ ಬರೆಯೋಕಾಗಲ್ಲ ಅನ್ನೋ ಮಾತು ಆಗ ಇತ್ತು. ಟೇಲರ್ ಇದನ್ನು ಒಪ್ಪಲಿಲ್ಲ. ಅವನ ವಾದದ ಸಾರ ಇಷ್ಟು: ಭಾಷೆ ಬಡವಲ್ಲ, ಆಡೋರು ಹೇಗೋ ಭಾಷೆ ಹಾಗೆ.

ನಮಗೆ ಪರಿಚಿತ ಅನ್ನಿಸುತ್ತೆ ಅಲ್ವಾ? ಕನ್ನಡದಲ್ಲಿ ವಿಜ್ಞಾನ ಆಗುತ್ತಾ ಅನ್ನೋ ಪ್ರಶ್ನೆ ಕೇಳಿ ಬೆಳೆದವರು ನಾವು. ಬಳ್ಳಾರಿಯಲ್ಲಿ ಹುಟ್ಟಿದ ಒಬ್ಬ ಮನುಷ್ಯ ಅದೇ ಪ್ರಶ್ನೆಗೆ ಗುಜರಾತಿ ಪರವಾಗಿ ಉತ್ತರ ಕೊಟ್ಟ. 1881ರಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡ.

ಒಂದೂಕಾಲು ಪಾಲು

ಮುಂದಿನ ಕಥೆಗೆ ಹೋಗೋ ಮುಂಚೆ ಒಂದು ಪದ ಹೇಳಬೇಕು. ‘ಸವಾಯಿ ಗುಜರಾತಿ’. ಸವಾಯಿ ಅಂದ್ರೆ ಒಂದೂಕಾಲು. ನಮ್ಮ ಉತ್ತರ ಕರ್ನಾಟಕದ ಕಡೆ ‘ಸವ್ವಾ’ ಅಂತಾರಲ್ಲ, ಅದೇ. ಗುಜರಾತಿಗಳಿಗಿಂತ ಕಾಲು ಪಾಲು ಹೆಚ್ಚು ಗುಜರಾತಿ ಅಂತ ಅರ್ಥ. ಗಾಂಧೀಜಿ ಈ ಹೆಸರು ಕೊಟ್ಟಿದ್ದು ಕಾಕಾ ಕಾಲೇಲ್ಕರ್‌ಗೆ. ಕಾಲೇಲ್ಕರ್ ಮನೆಮಾತು ಮರಾಠಿ, ಹುಟ್ಟಿದ್ದು ಸಾತಾರಾ, ಬಾಲ್ಯದ ನೆನಪುಗಳಲ್ಲಿ ಕಾರವಾರ, ಧಾರವಾಡ, ಬೆಳಗಾವಿ ತುಂಬಿಕೊಂಡಿವೆ. ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದು, ವಡೋದರಾದ ಗಂಗನಾಥ ವಿದ್ಯಾಲಯಕ್ಕೆ ಬಂದು, ಆಮೇಲೆ ಅಹಮದಾಬಾದಿನ ಆಶ್ರಮ ಸೇರಿ, ಕೊನೆಗೆ ಗುಜರಾತಿಯ ಬಹುದೊಡ್ಡ ಗದ್ಯ ಲೇಖಕರಲ್ಲಿ ಒಬ್ಬರಾದರು. ಕಾರವಾರದ ಸಮುದ್ರವನ್ನು ಗುಜರಾತಿಯಲ್ಲಿ ಓದೋ ಸುಖ ಬೇಕಿದ್ರೆ ಅವರ ‘ಸ್ಮರಣ ಯಾತ್ರಾ’ ಹುಡುಕಿ.

ಅದೇ ಬಿರುದನ್ನು ಗುಜರಾತ್ ಆಮೇಲೆ ಇನ್ನೊಬ್ಬರಿಗೆ ಪ್ರೀತಿಯಿಂದ ಕೊಟ್ಟಿತು. ಅವರು ಹುಟ್ಟಿದ್ದು ಸ್ಪೇನ್‌ನಲ್ಲಿ.

ಕಾರ್ಲೋಸ್ ಅನ್ನೋ ಹುಡುಗ

ಕಾರ್ಲೋಸ್ ಗೊನ್ಸಾಲೆಸ್ ವಾಲೆಸ್. ಹುಟ್ಟು 1925ರ ನವೆಂಬರ್ 4, ಸ್ಪೇನ್‌ನ ಲೊಗ್ರೋನ್ಯೊ ಪಟ್ಟಣ. ಅಪ್ಪ ಎಂಜಿನಿಯರ್. ಹುಡುಗನಿಗೆ ಹತ್ತು ವರ್ಷ ಆಗಿದ್ದಾಗ ಅಪ್ಪ ಹೋದರು. ಅದಾಗಿ ಕೆಲವೇ ತಿಂಗಳಿಗೆ, 1936ರಲ್ಲಿ, ಸ್ಪೇನ್‌ನ ಅಂತರ್ಯುದ್ಧ ಶುರುವಾಯಿತು. ಮನೆ, ಆಸ್ತಿ ಎಲ್ಲಾ ಬಿಟ್ಟು ಅಮ್ಮ ಇಬ್ಬರು ಗಂಡುಮಕ್ಕಳನ್ನು ಕರಕೊಂಡು ಸಂಬಂಧಿಕರ ಮನೆ ಸೇರಿದರು. ಯೇಸುಸಭೆಯವರ ಶಾಲೆಯಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು. ಹದಿನೈದಕ್ಕೆ ಹುಡುಗ ಯೇಸುಸಭೆಗೇ ಸೇರಿದ. 1949ರಲ್ಲಿ ತಾನೇ ಕೇಳಿಕೊಂಡು ಭಾರತಕ್ಕೆ ಬಂದ.

ಸಭೆಯವರು ಅವರನ್ನು ಗಣಿತ ಓದೋಕೆ ಮದ್ರಾಸಿಗೆ ಕಳಿಸಿದರು. 1953ರಲ್ಲಿ ಎಂ.ಎ. ಮುಗೀತು. ಅಹಮದಾಬಾದಿನ ಕಾಲೇಜಲ್ಲಿ ಗಣಿತ ಕಲಿಸೋದು ಪ್ಲಾನ್. ಇಂಗ್ಲಿಷಲ್ಲೇ ಪಾಠ ಮಾಡಿ ಜೀವನ ಪೂರ್ತಿ ಕಳೀಬಹುದಿತ್ತು, ಯಾರೂ ಕೇಳ್ತಿರಲಿಲ್ಲ. ಅವರಿಗೆ ಅದು ಸಾಕು ಅನ್ನಿಸಲಿಲ್ಲ. ಭಾಷಾ ತರಗತಿಯಲ್ಲಿ ಕಲಿತದ್ದೂ ಸಾಕಾಗಲಿಲ್ಲ. ಆಣಂದ್ ಪಕ್ಕದ ವಲ್ಲಭ ವಿದ್ಯಾನಗರದಲ್ಲಿ ಕಾಲೇಜು ಹಾಸ್ಟೆಲ್ ಸೇರಿ, ಗುಜರಾತಿ ಹುಡುಗರ ಜೊತೆ ರೂಮು ಹಂಚಿಕೊಂಡು ಇದ್ದರು. ಹಾಸ್ಟೆಲ್ ಅಂದ್ರೆ ನಿಮಗೆ ಗೊತ್ತಲ್ಲ, ಅಲ್ಲಿ ಕಲಿಯೋ ಭಾಷೆ ಯಾವ ಪುಸ್ತಕದಲ್ಲೂ ಇರಲ್ಲ. ಆಮೇಲೆ ಧರ್ಮಶಾಸ್ತ್ರ ಓದೋಕೆ ಪುಣೆಗೆ ಹೋದಾಗಲೂ ಗುಜರಾತಿ ಅಭ್ಯಾಸ ಬಿಡಲಿಲ್ಲ. 1958ರಲ್ಲಿ ಪಾದ್ರಿಯಾಗಿ ದೀಕ್ಷೆ ಆಯಿತು.

1960ರಲ್ಲಿ ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು. ಆ ವರ್ಷ ನೆನಪಿಟ್ಟುಕೊಳ್ಳಿ. ಮೇ 1ಕ್ಕೆ ಗುಜರಾತ್ ರಾಜ್ಯ ಹುಟ್ಟಿತು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಇದೇ ಊರಲ್ಲಿ ವಿಕ್ರಂ ಸಾರಾಭಾಯಿ ಕೈಕೆಳಗೆ ಪಿಎಚ್‌ಡಿ ಮುಗಿಸಿದ್ದೂ ಅದೇ ವರ್ಷ. ಅಹಮದಾಬಾದ್ ಆಗಲೂ ಹೊರಗಿನವರನ್ನು ಕರೆಸಿಕೊಳ್ಳೋ ಊರೇ ಆಗಿತ್ತು.

ಯಾರೂ ಅಚ್ಚು ಹಾಕದ ಪುಸ್ತಕ

1960ರಲ್ಲೇ ವಾಲೆಸ್ ಗುಜರಾತಿಯಲ್ಲಿ ‘ಸದಾಚಾರ’ ಅನ್ನೋ ಪುಸ್ತಕ ಬರೆದರು. ಯುವಕರಿಗೆ ನಡತೆಯ ಬಗ್ಗೆ. ಪ್ರಕಾಶಕರು ಯಾರೂ ಮುಂದೆ ಬರಲಿಲ್ಲ. ವಿದೇಶಿ ಪಾದ್ರಿ ಗುಜರಾತಿಯಲ್ಲಿ ನೀತಿ ಹೇಳಿದ್ರೆ ಯಾರು ಕೊಳ್ತಾರೆ? ಕೊನೆಗೆ ಅಚ್ಚಿನ ಖರ್ಚಿಗೆ ದುಡ್ಡು ಕೊಟ್ಟಿದ್ದು ಸ್ಪೇನ್‌ನಲ್ಲಿದ್ದ ಅಮ್ಮ. ಗುಜರಾತಿಯ ಒಂದಕ್ಷರ ಓದೋಕೆ ಬರದ ತಾಯಿ, ಮಗನ ಗುಜರಾತಿ ಪುಸ್ತಕಕ್ಕೆ ಹಣ ಹಾಕಿದರು. ಪುಸ್ತಕ ಮಾರಾಟ ಆಯಿತು, ಮತ್ತೆ ಮತ್ತೆ ಅಚ್ಚಾಯಿತು.

ಆಮೇಲೆ ಬಚುಭಾಯಿ ರಾವತ್ ಸಂಪಾದಿಸುತ್ತಿದ್ದ ‘ಕುಮಾರ್’ ಮಾಸಿಕ ಅವರ ಲೇಖನಗಳನ್ನು ಹಾಕಿತು. ‘ಗುಜರಾತ್ ಸಮಾಚಾರ್’ ದಿನಪತ್ರಿಕೆಯಲ್ಲಿ ಭಾನುವಾರದ ಅಂಕಣ ಬಂತು: ‘ನವೀ ಪೇಢೀನೇ’, ಅಂದ್ರೆ ‘ಹೊಸ ಪೀಳಿಗೆಗೆ’. ಗುಜರಾತಿ ಮನೆಗಳಲ್ಲಿ ಅವರು ಬರೀ ‘ಫಾದರ್ ವಾಲೆಸ್’. ಓದುಗರಲ್ಲಿ ಬಹುಪಾಲು ಹಿಂದೂ, ಜೈನ ಮನೆಯವರು. ಗುಜರಾತಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಪುಸ್ತಕ ಬರೆದರು. 1978ರಲ್ಲಿ ಗುಜರಾತಿಯ ದೊಡ್ಡ ಸಾಹಿತ್ಯ ಗೌರವ ರಣಜಿತರಾಮ್ ಸುವರ್ಣ ಚಂದ್ರಕ ಸಿಕ್ಕಿತು. ಹುಟ್ಟಿನಿಂದ ವಿದೇಶಿಯಾದ ಲೇಖಕರಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಏನು ಬರೀತಿದ್ರು? ಮದುವೆ, ಅಪ್ಪ–ಮಗನ ಜಗಳ, ಪರೀಕ್ಷೆಯ ಭಯ, ಸಿಟ್ಟು, ಸ್ನೇಹ, ಪ್ರಾಮಾಣಿಕತೆ, ಗಾಂಧಿ. ಮದುವೆಯೇ ಆಗದ ಪಾದ್ರಿ 1969ರಲ್ಲಿ ದಾಂಪತ್ಯದ ಬಗ್ಗೆ ‘ಲಗ್ನಸಾಗರ’ ಬರೆದರು. ಜನ ನಗಲಿಲ್ಲ, ಮದುವೆಯಲ್ಲಿ ಉಡುಗೊರೆ ಕೊಟ್ಟರು. ಯಾಕಂದ್ರೆ ಆ ಬರಹದಲ್ಲಿ ಮೇಲಿಂದ ಬೀಳೋ ಉಪದೇಶ ಇರಲಿಲ್ಲ. ಪಕ್ಕದ ಮನೆಯ ಹಿರಿಯರು ಓಟ್ಲಾ ಮೇಲೆ, ಅಂದ್ರೆ ನಮ್ಮ ಜಗಲಿ ಮೇಲೆ, ಕೂತು ಮಾತಾಡಿದ ಹಾಗಿತ್ತು.

ಆ ಕಾಲ ಶಾಂತವಾಗಿತ್ತು ಅಂದುಕೊಳ್ಳಬೇಡಿ. 1969ರ ಸೆಪ್ಟೆಂಬರ್‌ನಲ್ಲಿ ಅಹಮದಾಬಾದ್ ಭೀಕರ ಕೋಮುಗಲಭೆ ಕಂಡಿತು. 1973ರ ಡಿಸೆಂಬರ್‌ನಲ್ಲಿ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಊಟದ ಬಿಲ್ ಏರಿದ್ದಕ್ಕೆ ಹುಡುಗರು ಬೀದಿಗಿಳಿದರು. ಅದೇ ‘ನವನಿರ್ಮಾಣ’ ಚಳವಳಿಯಾಗಿ 1974ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ಟರು. ಮೆಸ್ ಬಿಲ್ಲಿಂದ ಸರ್ಕಾರ ಬಿದ್ದ ಊರು ಇದು! ವಾಲೆಸ್ ಅವರ ‘ಹೊಸ ಪೀಳಿಗೆ’ ಅಂದ್ರೆ ಇದೇ ಪೀಳಿಗೆ.

ಗಣಿತಕ್ಕೂ ಗುಜರಾತಿ

ನಮ್ಮಂಥ ಎಂಜಿನಿಯರುಗಳಿಗೆ ಇಷ್ಟವಾಗೋ ಭಾಗ ಇದು. ವಾಲೆಸ್ ತಮ್ಮ ಗುಜರಾತಿಯನ್ನು ಅಂಕಣಕ್ಕೆ ಮಾತ್ರ ಇಟ್ಟುಕೊಳ್ಳಲಿಲ್ಲ. 1960ರ ದಶಕದಲ್ಲಿ ಸೆಟ್ ಥಿಯರಿಯಂಥ ಹೊಸ ಗಣಿತ ಪಠ್ಯಕ್ರಮಕ್ಕೆ ಬರ್ತಾ ಇತ್ತು. ಸಹೋದ್ಯೋಗಿಗಳ ಜೊತೆ ಸೇರಿ ಅದನ್ನೆಲ್ಲ ಗುಜರಾತಿ ಪಠ್ಯಪುಸ್ತಕಗಳಲ್ಲಿ ಬರೆದರು, ಪಾರಿಭಾಷಿಕ ಪದಗಳನ್ನು ಕಟ್ಟಿದರು. ಸಾಪೇಕ್ಷತಾ ಸಿದ್ಧಾಂತದಲ್ಲಿ ‘ವೈದ್ಯ ಮೆಟ್ರಿಕ್’ ಅಂತ ಹೆಸರಿರೋ ಪಿ. ಸಿ. ವೈದ್ಯ ಅವರು ಕಟ್ಟಿದ ಗುಜರಾತಿ ಗಣಿತ ಪತ್ರಿಕೆ ‘ಸುಗಣಿತಮ್’ ಬಳಗದಲ್ಲೂ ಇದ್ದರು. 1867ರಲ್ಲಿ ಟೇಲರ್ ವ್ಯಾಕರಣದ ಮೂಲಕ ಹೇಳಿದ್ದನ್ನೇ ನೂರು ವರ್ಷದ ಮೇಲೆ ವಾಲೆಸ್ ಗಣಿತದ ಮೂಲಕ ಮಾಡಿ ತೋರಿಸಿದರು: ಈ ಭಾಷೆಗೆ ಶಕ್ತಿ ಇದೆ, ಕೆಲಸ ಕೊಡಿ ಅಷ್ಟೇ.

ಮನೆಯಿಂದ ಮನೆಗೆ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

1970ರ ದಶಕದ ಆರಂಭದಲ್ಲಿ ವಾಲೆಸ್ ಸುಖವಾಗಿದ್ದರು. ಕಾಲೇಜಲ್ಲಿ ಹೆಸರು, ಪತ್ರಿಕೆಯಲ್ಲಿ ಅಂಕಣ, ಯೇಸುಸಭೆಯ ನಿವಾಸದಲ್ಲಿ ಸ್ವಂತ ಕೋಣೆ. ಅದನ್ನು ಬಿಟ್ಟು ಹಳೇ ಊರಿನ ಪೋಳ್‌ಗಳಿಗೆ ನಡೆದರು. ಪೋಳ್ ನೋಡದವರಿಗೆ ಹೇಳ್ತೀನಿ: ಒಂದು ದೊಡ್ಡ ಬಾಗಿಲು, ಒಳಗೆ ಇಕ್ಕಟ್ಟು ಓಣಿ, ಗೋಡೆಗೆ ಗೋಡೆ ಅಂಟಿದ ಮರದ ಕೆತ್ತನೆಯ ಮನೆಗಳು, ಹಕ್ಕಿಗಳಿಗೆ ಕಾಳು ಹಾಕೋ ಚಬೂತರೋ. ಸಾಮಾನ್ಯವಾಗಿ ಒಂದು ಪೋಳ್‌ನಲ್ಲಿ ಒಂದು ಜಾತಿ, ಒಂದು ಕಸುಬು ಅಥವಾ ಒಂದು ಧರ್ಮದ ಜನ. ಈ ಹಳೇ ನಗರವೇ 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಭಾರತದ ಮೊದಲ ವಿಶ್ವ ಪಾರಂಪರಿಕ ನಗರ.

ಅಲ್ಲಿ ವಾಲೆಸ್ ಮಾಡಿದ್ದು ಭಿಕ್ಷೆ. ಅನ್ನದ ಭಿಕ್ಷೆ ಮಾತ್ರ ಅಲ್ಲ, ಆತಿಥ್ಯದ ಭಿಕ್ಷೆ. ಒಂದು ಮನೆ ಬಾಗಿಲಲ್ಲಿ ನಿಂತು, ಕೆಲವು ದಿನ ನಿಮ್ಮ ಜೊತೆ ಇರಲಾ ಅಂತ ಕೇಳೋದು. ಅವರು ತಿನ್ನೋದನ್ನೇ ತಿನ್ನೋದು, ಅವರು ಮಲಗೋ ಕಡೆ ಮಲಗೋದು, ಬೆಳಿಗ್ಗೆ ಸೈಕಲ್ ಹತ್ತಿ ಕಾಲೇಜಿಗೆ ಹೋಗಿ ಗಣಿತ ಪಾಠ ಮಾಡಿ, ಸಂಜೆ ಅದೇ ಮನೆಗೆ ವಾಪಸ್. ಕೆಲವು ದಿನ ಆದ ಮೇಲೆ ಮುಂದಿನ ಮನೆ. ಹೀಗೆ ಸುಮಾರು ಹತ್ತು ವರ್ಷ.

ಇದನ್ನು ಮೊದಲು ಓದಿದಾಗ ನನಗೆ ಇದೊಂದು ವಿಚಿತ್ರ ಸಾಹಸ ಅನ್ನಿಸಿತ್ತು. ಈಗ ಬೇರೆ ಥರ ಕಾಣುತ್ತೆ. ಕ್ರೈಸ್ತ ಧರ್ಮದಲ್ಲಿ ನಂಬಿಕೆ, ಭರವಸೆ, ಪ್ರೀತಿ ಅನ್ನೋ ಮೂರು ಪದ ಜೊತೆಯಾಗಿ ಬರುತ್ತೆ. ವೇದಿಕೆ ಮೇಲಿಂದ ಹೇಳಿದ್ರೆ ಮೂರೂ ಹಗುರ. ಆದರೆ ನಾಳೆ ರಾತ್ರಿ ಎಲ್ಲಿ ಮಲಗ್ತೀನಿ ಅಂತ ಗೊತ್ತಿಲ್ಲದ ಐವತ್ತು ವರ್ಷದ ಪ್ರೊಫೆಸರ್‌ಗೆ ಭರವಸೆ ಅನ್ನೋದು ಪ್ರತಿ ವಾರದ ಕೆಲಸ. ಮುಂದಿನ ಬಾಗಿಲು ತೆರೆಯುತ್ತೆ ಅಂತ ಅವರು ನಂಬಬೇಕು. ಒಳಗಿರೋ ಕುಟುಂಬವೂ ಅಷ್ಟೇ ನಂಬಬೇಕು, ಬೇರೆ ಧರ್ಮದ, ಬೇರೆ ದೇಶದ ಗಂಡಸನ್ನು ಅಡಿಗೆ ಮನೆ ತನಕ ಬಿಟ್ಟುಕೊಳ್ಳೋಕೆ. ಹತ್ತು ವರ್ಷ ಬಾಗಿಲುಗಳು ತೆರೆದವು. ಈ ಕಥೆಯಲ್ಲಿ ಅರ್ಧ ಶ್ರೇಯಸ್ಸು ಬಾಗಿಲು ತೆರೆದ ಆ ಹೆಸರಿಲ್ಲದ ಮನೆಯವರಿಗೆ ಸಲ್ಲಬೇಕು.

ಇವತ್ತು ಈ ಊರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಬ್ರೋಕರ್ ಕೇಳೋ ಪ್ರಶ್ನೆಗಳು ಗೊತ್ತು. ಸರ್‌ನೇಮ್ ಏನು, ವೆಜ್ಜಾ ನಾನ್‌ವೆಜ್ಜಾ, ಬ್ಯಾಚುಲರ್ರಾ ಫ್ಯಾಮಿಲಿನಾ. ಬೆಂಗಳೂರಲ್ಲೂ ಇದೇ ಪ್ರಶ್ನೆಗಳು, ಕನ್ನಡದಲ್ಲಿ. ಹಾಗಾಗಿ ಇದನ್ನು ಗುಜರಾತಿನ ದೂರು ಅಂತ ಬರೀತಾ ಇಲ್ಲ. ಐವತ್ತು ವರ್ಷದ ಹಿಂದೆ ಅದೇ ಊರಲ್ಲಿ ಇನ್ನೊಂದು ರೀತಿಯೂ ಸಾಧ್ಯವಾಗಿತ್ತು ಅನ್ನೋದು ಗೊತ್ತಿರಬೇಕು, ಅಷ್ಟೇ. ಇತಿಹಾಸ ಓದೋದರಿಂದ ಸಿಗೋ ಭರವಸೆ ಅಂದ್ರೆ ನನ್ನ ಪ್ರಕಾರ ಇದೇ.

ದೇವರ ಚಿತ್ರ ಬದಲಾಗಬೇಕು

ಅಷ್ಟು ಮನೆಗಳಲ್ಲಿ ಅಷ್ಟು ಪೂಜೆ, ಅಷ್ಟು ಉಪವಾಸ, ಅಷ್ಟು ಸ್ತವನ ನೋಡಿದ ಮನುಷ್ಯನ ನಂಬಿಕೆ ಮೊದಲಿನ ಹಾಗೇ ಇರುತ್ತಾ? ವಾಲೆಸ್ 1987ರಲ್ಲಿ ಇಂಗ್ಲಿಷಲ್ಲಿ ‘ಸ್ಕೆಚಸ್ ಆಫ್ ಗಾಡ್’ ಬರೆದರು. ಸ್ಪ್ಯಾನಿಷ್ ಆವೃತ್ತಿಯ ಶೀರ್ಷಿಕೆಗೆ ಕನ್ನಡದಲ್ಲಿ ‘ದೇವರನ್ನು ದೇವರಾಗಿರಲು ಬಿಡಿ’ ಅನ್ನಬಹುದು. ಪುಸ್ತಕದ ತಿರುಳನ್ನು ನನ್ನ ಮಾತಲ್ಲಿ ಹೇಳ್ತೀನಿ: ನಮ್ಮ ತಲೆಯಲ್ಲಿರೋ ದೇವರ ಚಿತ್ರ ದೇವರಲ್ಲ. ಬಾಲ್ಯದಲ್ಲಿ ಸಿಕ್ಕ ಚಿತ್ರವನ್ನೇ ಅರವತ್ತರ ತನಕ ಇಟ್ಟುಕೊಂಡ್ರೆ ಒಂದು ದಿನ ಅದು ಒಡೆಯುತ್ತೆ, ಆಗ ದೇವರೇ ಇಲ್ಲ ಅನ್ನಿಸುತ್ತೆ. ಆದ್ದರಿಂದ ನಂಬಿಕೆ ಬೆಳೀಬೇಕು, ಬೇರೆಯವರ ಚಿತ್ರಗಳಿಂದಲೂ ಕಲೀಬೇಕು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹಳೇ ವರ್ಷನ್ ಕ್ರ್ಯಾಶ್ ಆದಾಗ ಮೆಷಿನ್ನನ್ನೇ ಎಸೆಯೋದು ಬೇಡ.

ಈ ದಾರಿಯಲ್ಲಿ ಅವರು ಒಂಟಿ ಅಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೇರೆ ಧರ್ಮಗಳಲ್ಲಿರೋ ಸತ್ಯವನ್ನು, ಪಾವಿತ್ರ್ಯವನ್ನು ತಿರಸ್ಕರಿಸೋದಿಲ್ಲ ಅಂತ ಘೋಷಿಸಿತು. ಲೋನಾವಳದಲ್ಲಿ ಸಾಧನಾ ಶಿಬಿರ ನಡೆಸುತ್ತಿದ್ದ ಆಂಥನಿ ಡಿಮೆಲ್ಲೊ ವಾಲೆಸ್‌ಗೆ ಆಪ್ತರು. ಅವರ ಬಗ್ಗೆ ವಾಲೆಸ್ ಪುಸ್ತಕಗಳನ್ನೂ ಬರೆದರು. ಆದರೆ ಈ ದಾರಿ ಸಲೀಸಾಗಿರಲಿಲ್ಲ. ಡಿಮೆಲ್ಲೊ 1987ರಲ್ಲಿ ತೀರಿಕೊಂಡರು. 1998ರಲ್ಲಿ ವ್ಯಾಟಿಕನ್ ಅವರ ಬರಹಗಳ ಕೆಲವು ಭಾಗಗಳ ಬಗ್ಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಪ್ರಗತಿಪರ ಪಾದ್ರಿ ಅಂದ್ರೆ ಎರಡೂ ಕಡೆಯಿಂದ ಅನುಮಾನ ಎದುರಿಸೋನು. ಹೊರಗಿನವರಿಗೆ ಅವನು ಪಾದ್ರಿ, ಒಳಗಿನವರಿಗೆ ಅವನು ತೀರಾ ಸಡಿಲ.

ಮತಾಂತರದ ಪ್ರಶ್ನೆ

ವಿಡಿಯೋ ಕೆಳಗೆ ಈ ಪ್ರಶ್ನೆ ಬಂದೇ ಬರುತ್ತೆ, ಹಾಗಾಗಿ ಇಲ್ಲೇ ಮಾತಾಡಿಬಿಡೋಣ. ಸೂರತ್‌ನ ಸ್ಕಿನ್ನರ್, ಫೈವಿ, ಬೋರ್ಸದ್‌ನ ಟೇಲರ್ ಬಂದದ್ದು ಮತಾಂತರಕ್ಕೇ. ಅವರು ಅದನ್ನು ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ವ್ಯಾಕರಣ, ಅಚ್ಚುಮನೆ, ನಿಘಂಟು ಎಲ್ಲಾ ಆ ಉದ್ದೇಶದ ದಾರಿಯಲ್ಲಿ ಹುಟ್ಟಿದವು. ಉದ್ದೇಶ ಅವರದ್ದು, ಫಲ ಮಾತ್ರ ಇಡೀ ಭಾಷೆಗೆ ಸಿಕ್ಕಿತು. ಕಿಟೆಲ್ ವಿಷಯದಲ್ಲಿ ಕನ್ನಡಿಗರು ಈ ಲೆಕ್ಕವನ್ನು ಎಂದೋ ಒಪ್ಪಿಕೊಂಡಿದ್ದೇವೆ, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ಇದೆ.

ವಾಲೆಸ್ ಕಾಲಕ್ಕೆ ಪ್ರಶ್ನೆಯೇ ಬದಲಾಗಿತ್ತು. ಅವರ ಓದುಗರು ಹಿಂದೂ ಆಗಿ, ಜೈನರಾಗಿ ಓದಿದರು, ಹಾಗೇ ಉಳಿದರು. ಅವರೂ ಪಾದ್ರಿಯಾಗೇ ಉಳಿದರು. ಇಬ್ಬರೂ ಬದಲಾದರು, ಆದರೆ ಧರ್ಮ ಬದಲಾಯಿಸಿ ಅಲ್ಲ. ಗುಜರಾತಿನಲ್ಲಿ 2003ರಲ್ಲಿ ಮತಾಂತರ ನಿಯಂತ್ರಣ ಕಾಯ್ದೆ ಬಂತು, 2021ರಲ್ಲಿ ಅದಕ್ಕೆ ಇನ್ನಷ್ಟು ಬಿಗಿ ತಿದ್ದುಪಡಿ ಆಯಿತು. ಅದೇ 2021ರಲ್ಲಿ ಕೇಂದ್ರ ಸರ್ಕಾರ ಫಾದರ್ ವಾಲೆಸ್‌ಗೆ ಮರಣೋತ್ತರ ಪದ್ಮಶ್ರೀ ಕೊಟ್ಟಿತು, ಸಾಹಿತ್ಯ ಮತ್ತು ಶಿಕ್ಷಣಕ್ಕೆ. ಎರಡೂ ನಿಜ, ಎರಡೂ ಒಂದೇ ರಾಜ್ಯದ ಚರಿತ್ರೆ. ಒಂದನ್ನು ಬಿಟ್ಟು ಇನ್ನೊಂದು ಹೇಳಿದ್ರೆ ಅರ್ಧ ಕಥೆ.

ಅಮ್ಮ ಕರೆದಾಗ

ಇಷ್ಟೆಲ್ಲ ಆದ ಮೇಲೆ ಅವರು ಅಹಮದಾಬಾದಲ್ಲೇ ಕೊನೆಯ ತನಕ ಇರಬೇಕಿತ್ತು ಅನ್ನಿಸುತ್ತೆ. ಇರಲಿಲ್ಲ. ಅಮ್ಮನಿಗೆ ತೊಂಬತ್ತಾಗಿತ್ತು. ಮೊದಲ ಪ್ರಕಟಣೆಗೆ ದುಡ್ಡು ಕೊಟ್ಟ ಅದೇ ಅಮ್ಮ. ಮಗ ಮ್ಯಾಡ್ರಿಡ್‌ಗೆ ವಾಪಸ್ ಹೋಗಿ ಅವರ ಜೊತೆ ಇದ್ದರು. ಅಮ್ಮ ನೂರಾ ಒಂದು ವರ್ಷ ಬದುಕಿದರು.

ಈ ಭಾಗ ಓದುವಾಗ ನನಗೆ ನಮ್ಮೆಲ್ಲರ ನೆನಪಾಯಿತು. ಹಾಸನದಲ್ಲೋ, ಶಿರಸಿಯಲ್ಲೋ, ರಾಯಚೂರಲ್ಲೋ ಇರೋ ಅಪ್ಪ–ಅಮ್ಮ, ಭಾನುವಾರದ ವಿಡಿಯೋ ಕಾಲ್, ‘ಈ ಸಲ ದೀಪಾವಳಿಗೆ ಬರ್ತೀಯಾ?’ ಅನ್ನೋ ಪ್ರಶ್ನೆ. ಪರ ಊರನ್ನು ತನ್ನದು ಮಾಡಿಕೊಂಡವನಿಗೂ ಹುಟ್ಟಿದ ಮನೆಯ ಋಣ ತೀರಿರೋಲ್ಲ. ವಾಲೆಸ್ ಒಂದಕ್ಕಾಗಿ ಇನ್ನೊಂದನ್ನು ಸುಳ್ಳು ಮಾಡಲಿಲ್ಲ. ಮ್ಯಾಡ್ರಿಡ್‌ನಿಂದಲೂ ಬರೀತಾನೇ ಇದ್ದರು. ಎಪ್ಪತ್ತು ದಾಟಿದ ಮೇಲೆ ಸ್ವಂತ ವೆಬ್‌ಸೈಟ್ ಶುರು ಮಾಡಿ, ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾ ವರ್ಷಗಟ್ಟಲೆ ನಡೆಸಿದರು. 2020ರ ನವೆಂಬರ್ 9ರಂದು, ತೊಂಬತ್ತೈದು ತುಂಬಿದ ಐದನೇ ದಿನ, ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು. ಗುಜರಾತ್ ತನ್ನ ಮನೆಯವರೇ ಹೋದ ಹಾಗೆ ಅವರನ್ನು ನೆನೆಯಿತು.

ಹಾಗಾದ್ರೆ ನಾವು?

ನಾವ್ಯಾರೂ ಹತ್ತು ವರ್ಷ ಮನೆಮನೆ ತಿರುಗೋರಲ್ಲ, ವ್ಯಾಕರಣ ಬರೆಯೋರೂ ಅಲ್ಲ. ಸ್ಪ್ರಿಂಟ್, ರಿಲೀಸ್, ಇಎಂಐ, ಮಕ್ಕಳ ಸ್ಕೂಲು ಇಷ್ಟರಲ್ಲೇ ದಿನ ಮುಗಿಯುತ್ತೆ. ಆದ್ರೂ ಗುಜರಾತಿ ಕಲಿಯೋದು ಕನ್ನಡಿಗರಿಗೆ ಅಂದುಕೊಂಡಷ್ಟು ಕಷ್ಟ ಇಲ್ಲ ಅಂತ ಹೇಳೋಕೆ ಮೂರು ಕಾರಣ ಕೊಡ್ತೀನಿ.

ಒಂದು, ಲಿಪಿ. ದೇವನಾಗರಿ ಗೊತ್ತಿದ್ರೆ ತಲೆ ಮೇಲಿನ ಗೆರೆ ತೆಗೆದುಬಿಡಿ, ಅರ್ಧ ಗುಜರಾತಿ ಲಿಪಿ ಬಂದ ಹಾಗೆ. ಬಸ್ ಬೋರ್ಡು, ಅಂಗಡಿ ಫಲಕ ಓದ್ತಾ ಹೋದ್ರೆ ಉಳಿದರ್ಧ ತಾನಾಗೇ ಬರುತ್ತೆ.

ಎರಡು, ಉಚ್ಚಾರ. ಹಿಂದಿಯವರಿಗೆ ತೊಡಕಾಗೋ ‘ಳ’ ಗುಜರಾತಿಯಲ್ಲಿ ಇದೆ. ‘ಪೋಳ್’ ಅನ್ನೋ ಪದವನ್ನೇ ನಾವು ಮೊದಲ ಸಲಕ್ಕೇ ಸರಿಯಾಗಿ ಹೇಳ್ತೀವಿ. ಲಿಂಗವೂ ಮೂರಿದೆ, ನಪುಂಸಕ ಲಿಂಗ ಸೇರಿ.

ಮೂರನೆಯದು ನನಗೆ ಬಹಳ ಇಷ್ಟ. ಗುಜರಾತಿಯಲ್ಲಿ ‘ನಾವು’ ಅನ್ನೋಕೆ ಎರಡು ಪದ. ‘ಅಮೇ’ ಅಂದ್ರೆ ನಾವು, ಆದರೆ ಕೇಳ್ತಾ ಇರೋ ನೀವು ಅದರಲ್ಲಿಲ್ಲ. ‘ಆಪಣೇ’ ಅಂದ್ರೆ ನಿಮ್ಮನ್ನೂ ಸೇರಿಸಿಕೊಂಡ ನಾವು. ಸೊಸೈಟಿ ಮೀಟಿಂಗಲ್ಲಿ, ನವರಾತ್ರಿ ಗರಬಾ ತಯಾರಿಯಲ್ಲಿ, ಪಕ್ಕದ ಮನೆಯ ಬಾ ನಿಮ್ಮ ಜೊತೆ ಮಾತಾಡುವಾಗ ಯಾವ ಪದ ಬಳಸ್ತಾರೆ ಅಂತ ಸ್ವಲ್ಪ ಕಿವಿ ಕೊಟ್ಟು ಕೇಳಿ. ಭಾಷೆ ಕಲಿಯೋಕೆ ಶುರು ಮಾಡಿದ ಮೇಲೆ ಆ ಪದ ಬದಲಾಗೋದು ನಿಮಗೇ ಗೊತ್ತಾಗುತ್ತೆ.

ಬೆಂಗಳೂರಲ್ಲಿ ಕನ್ನಡ ಕಲೀರಿ ಅಂತ ಕೇಳೋ ಹಕ್ಕು ನಮಗಿದೆ, ಅದನ್ನು ಬಿಡೋ ಅಗತ್ಯ ಇಲ್ಲ. ಅಹಮದಾಬಾದಲ್ಲಿ ಗುಜರಾತಿ ಕಲಿತ ಕನ್ನಡಿಗ ಆ ಮಾತು ಹೇಳಿದ್ರೆ ಅದಕ್ಕೆ ತೂಕ ಬೇರೆ. ಬಳ್ಳಾರಿಯಲ್ಲಿ ಹುಟ್ಟಿದ ಟೇಲರ್‌ಗೆ, ಬೆಳಗಾವಿ–ಕಾರವಾರ ಕಂಡ ಕಾಲೇಲ್ಕರ್‌ಗೆ, ಸ್ಪೇನ್‌ನ ವಾಲೆಸ್‌ಗೆ ಈ ನೆಲ ಜಾಗ ಕೊಟ್ಟಿದೆ. ನಮಗೂ ಕೊಡುತ್ತೆ.

ಮುಂದಿನ ಸಂಚಿಕೆಯಲ್ಲಿ ಸೂರತ್ ಬಂದರು ಮತ್ತು ನಮ್ಮ ಕರಾವಳಿಯ ವ್ಯಾಪಾರ ಸಂಬಂಧದ ಬಗ್ಗೆ ಮಾತಾಡೋಣ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಫಾದರ್ ವಾಲೆಸ್ ಪುಸ್ತಕ ಓದಿದ ಹಿರಿಯರು ಇದ್ದರೆ ಒಂದು ಸಂಜೆ ಅವರನ್ನು ಕೇಳಿ ನೋಡಿ. ಕೇಳೋದು ಗುಜರಾತಿಯಲ್ಲೇ ಇರಲಿ.

ಆವಜೋ. ಮತ್ತೆ ಸಿಗೋಣ.